ಮನೆಯಲ್ಲೇ ಕಾರು ತೊಳೆದು ವ್ಯಾಕ್ಸ್ ಹಚ್ಚುವ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

‘ಕಾರ್ ಕೇರ್ ಕಾಂಬೊ’ ಅಂತ ಅಂಗಡಿಯಲ್ಲಿ ಸಿಗುವ ಪೆಟ್ಟಿಗೆ ಬಿಚ್ಚಿದರೆ ಒಳಗಿರುವುದು ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ: ಒಂದು ಶಾಂಪೂ, ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಡ್ರೆಸ್ಸರ್, ಸಣ್ಣದೊಂದು ವ್ಯಾಕ್ಸ್ ಡಬ್ಬಿ, ಹಳದಿ ಸ್ಪಂಜು, ತೆಳ್ಳನೆಯ ಒಂದು ಮೈಕ್ರೋಫೈಬರ್ ಬಟ್ಟೆ. ಇದರಲ್ಲಿ ಶಾಂಪೂ ಪರವಾಗಿಲ್ಲ, ವ್ಯಾಕ್ಸ್ ನಡೆಯುತ್ತದೆ. ಸ್ಪಂಜನ್ನು ಪಾತ್ರೆ ತಿಕ್ಕಲು ಕೊಡಿ. ಬಟ್ಟೆಯನ್ನು ಚಕ್ರ ಒರೆಸಲು ಇಟ್ಟುಕೊಳ್ಳಿ. ಕಾರಿನ ಬಣ್ಣ ಉಳಿಸುವ ಎರಡು ಮುಖ್ಯ ವಸ್ತುಗಳೇ, ಅಂದರೆ ತೊಳೆಯುವ ಗ್ಲೌಸ್ ಮತ್ತು ಒಣಗಿಸುವ ಟವೆಲ್, ಆ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಬಿಡಿಬಿಡಿಯಾಗಿ ಕೊಂಡರೆ ಅದೇ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಸೆಟ್ ಆಗುತ್ತದೆ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಇರುತ್ತದೆ. ದಪ್ಪ ಸುಮಾರು 40ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಪ್ರೈಮರ್, ಬಣ್ಣ ಎಲ್ಲ ಸೇರಿಸಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಾಟುವುದಿಲ್ಲ. ಹೊಳಪು ಅನ್ನುವುದೆಲ್ಲ ಇದೇ ಕ್ಲಿಯರ್ ಕೋಟ್‌ನ ನುಣುಪು. ಬಿಸಿಲಿನಲ್ಲಿ ಕಪ್ಪು ಕಾರಿನ ಬಾನೆಟ್ ಮೇಲೆ ಜೇಡರ ಬಲೆಯ ಹಾಗೆ ದುಂಡುದುಂಡಾಗಿ ಕಾಣುವ ಸ್ವರ್ಲ್ ಗೆರೆಗಳು ಇದರ ಮೇಲಿನ ಗೀರುಗಳು. ಅವುಗಳಲ್ಲಿ ಬಹುಪಾಲು ಬರುವುದು ರಸ್ತೆಯಿಂದಲ್ಲ, ತೊಳೆಯುವಾಗ ಮತ್ತು ಒರೆಸುವಾಗ. ನಮ್ಮ ದೂಳಿನಲ್ಲಿ ಇರುವುದು ಗ್ರಾನೈಟ್ ಪುಡಿ, ಎಂ-ಸ್ಯಾಂಡ್, ಕೆಂಪು ಮಣ್ಣಿನ ಜೊತೆಗಿನ ಸ್ಫಟಿಕದ ಕಣ. ಸ್ಫಟಿಕದ ಗಡಸುತನ ಮೋಸ್ ಅಳತೆಯಲ್ಲಿ 7, ಅಂದರೆ ಗಾಜನ್ನೇ ಗೀರಬಲ್ಲದು. ಕ್ಲಿಯರ್ ಕೋಟ್ ಅದರ ಮುಂದೆ ಏನೂ ಅಲ್ಲ. ಆದ್ದರಿಂದ ಇಲ್ಲಿ ಪ್ರತಿ ಸಾಮಾನನ್ನೂ ಒಂದೇ ಪ್ರಶ್ನೆಯಿಂದ ನೋಡಿದ್ದೇವೆ: ಇದು ಆ ಕಣವನ್ನು ಬಣ್ಣದಿಂದ ಎತ್ತಿ ದೂರ ಒಯ್ಯುತ್ತದೆಯೋ, ಅಥವಾ ಅದನ್ನು ಬಣ್ಣದ ಮೇಲೇ ಉಜ್ಜುತ್ತದೆಯೋ?

ಸ್ಪಂಜು ಸೋಲುವುದು ಇಲ್ಲಿಯೇ. ಅದರ ಮೈ ಸಪಾಟು. ಕಣ ಅದರೊಳಗೆ ಹೋಗದೆ ಸ್ಪಂಜಿಗೂ ಬಣ್ಣಕ್ಕೂ ನಡುವೆ ಸಿಕ್ಕಿಕೊಂಡು ಎಳೆದಲ್ಲೆಲ್ಲ ಗೀರುತ್ತದೆ. ಹಳೆ ಬನಿಯನ್, ಪಂಚೆ ತುಂಡುಗಳದೂ ಇದೇ ಕತೆ. ಬೆರಳುದ್ದದ ಗೊಂಡೆಗಳಿರುವ ಶೆನಿಲ್ ಮೈಕ್ರೋಫೈಬರ್ ಗ್ಲೌಸ್‌ನಲ್ಲಿ ಕಣ ಗೊಂಡೆಗಳ ಸಂದಿಗೆ ಇಳಿಯುತ್ತದೆ, ಬಕೆಟ್‌ನಲ್ಲಿ ಅದ್ದಿ ಹಿಂಡಿದಾಗ ಬಿಡುತ್ತದೆ. ಎರಡು ಕೊಳ್ಳಿ, ಬೇರೆಬೇರೆ ಬಣ್ಣದವು: ಒಂದು ಮೈಗೆ, ಒಂದು ಚಕ್ರ ಮತ್ತು ಕೆಳಭಾಗಕ್ಕೆ. ಬ್ರೇಕ್ ದೂಳಿನಲ್ಲಿ ಕಬ್ಬಿಣದ ಚೂರು ಇರುತ್ತದೆ. ಚಕ್ರ ತೊಳೆದ ಗ್ಲೌಸನ್ನು ಬಾನೆಟ್‌ಗೆ ಮುಟ್ಟಿಸಬಾರದು. ನೆಲಕ್ಕೆ ಬಿದ್ದ ಗ್ಲೌಸ್ ಆ ದಿನಕ್ಕೆ ಮುಗಿಯಿತು. ಜಾಡಿಸಿ ಮತ್ತೆ ಉಪಯೋಗಿಸುವುದು ಬೇಡ.

ಬಟ್ಟೆಯ ವಿಷಯದಲ್ಲಿ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದನ್ನು ನೋಡಿ ಕೊಳ್ಳಿ. ವ್ಯಾಕ್ಸ್ ಮತ್ತು ಪಾಲಿಶ್ ಒರೆಸಲು 300–400 ಜಿಎಸ್‌ಎಂ, ಅಂಚು ಹೊಲಿಗೆ ಇಲ್ಲದ್ದು. ಒಣಗಿಸಲು 800–1200 ಜಿಎಸ್‌ಎಂನ ದೊಡ್ಡ ಟವೆಲ್, ಸುಮಾರು 60×90 ಸೆಂ.ಮೀ. ಹುರಿಹುರಿಯಾದ ನೂಲಿನ ಟವೆಲ್ ಒಂದಿದ್ದರೆ ಸಣ್ಣ ಕಾರನ್ನು ಹಿಂಡದೆ ಒಮ್ಮೆಗೇ ಒಣಗಿಸಬಹುದು. ತುಂಡಿನ ಲೆಕ್ಕದಲ್ಲಿ ದುಬಾರಿ ಅನ್ನಿಸುತ್ತದೆ, ಆದರೆ ಈ ಪಟ್ಟಿಯಲ್ಲಿ ಅತಿ ಹೆಚ್ಚು ಬೆಲೆ ತೀರಿಸುವ ವಸ್ತು ಇದೇ. ಅದನ್ನು ಬಾನೆಟ್ ಮೇಲೆ ಹಾಸಿ, ಎರಡು ತುದಿ ಹಿಡಿದು ತನ್ನ ಭಾರಕ್ಕೇ ಎಳೆಯಬೇಕು. ಒತ್ತುವುದಕ್ಕೆ ಏನೂ ಇಲ್ಲ. ಬಟ್ಟೆಗಳನ್ನು ಮನೆಯ ಹತ್ತಿ ಬಟ್ಟೆಗಳ ಜೊತೆ ವಾಷಿಂಗ್ ಮೆಷಿನ್‌ಗೆ ಹಾಕಿದರೆ ಹತ್ತಿಯ ನಾರು ಅಂಟಿಕೊಳ್ಳುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ನೂಲಿನ ಮೇಲೆ ಪದರ ಕೂತು ನೀರು ಹೀರುವುದನ್ನೇ ನಿಲ್ಲಿಸುತ್ತವೆ. ‘ಹೊಸದಾಗಿದ್ದಾಗ ಚೆನ್ನಾಗಿತ್ತು, ಈಗ ನೀರು ಎಳೆಯುತ್ತಿಲ್ಲ’ ಅನ್ನುವ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಇದೇ.

ಅಪಾರ್ಟ್‌ಮೆಂಟ್‌ಗಳಲ್ಲಿ ದಿನಾ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತಿಪ್ಪತ್ತು ಕಾರು ಒರೆಸುತ್ತಾರಲ್ಲ, ಆ ಕಾರುಗಳ ಬಣ್ಣ ಎರಡು ವರ್ಷದಲ್ಲಿ ಹೇಗಾಗಿರುತ್ತದೆ ಅಂತ ಮೊಬೈಲ್ ಟಾರ್ಚ್ ಹಿಡಿದು ನೋಡಿ. ತಪ್ಪು ಒರೆಸುವವರದ್ದಲ್ಲ, ಅವರಿಗೆ ನಾವು ಕೊಟ್ಟ ಸಾಮಾನು ಅಷ್ಟೇ. ದಿನಾ ಒರೆಸುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ನೀವೇ ಕೊಟ್ಟ ಗ್ಲೌಸ್‌ನಲ್ಲಿ ತೊಳೆಯಲು ಹೇಳಿದರೆ ಬಣ್ಣವೂ ಉಳಿಯುತ್ತದೆ, ಅವರ ಕೆಲಸವೂ ಉಳಿಯುತ್ತದೆ. ಜೋಪಾಸು ತರಹದ ವ್ಯಾಕ್ಸ್ ಸವರಿದ ಡಸ್ಟರ್ ಗ್ಯಾರೇಜಿನಲ್ಲಿ ನಿಂತ ಕಾರಿನ ಮೇಲಿನ ನಯ ದೂಳಿಗೆ ಸರಿ. ಒತ್ತದೆ, ಒಂದೇ ದಿಕ್ಕಿನಲ್ಲಿ ಎಳೆಯಬೇಕು, ಎರಡು ಪ್ಯಾನೆಲ್‌ಗೊಮ್ಮೆ ಹೊರಗೆ ಕೊಡವಬೇಕು. ಹೈವೇಯಲ್ಲಿ ಓಡಿ ಬಂದ ಕಾರಿಗೆ, ಇಬ್ಬನಿ ಬಿದ್ದ ಕಾರಿಗೆ ಅದು ಬೇಡ.

ಇನ್ನು ನೀರು. ಶಾಂಪೂ ಯಾವುದು, ವ್ಯಾಕ್ಸ್ ಯಾವುದು ಅಂತ ತಲೆ ಕೆಡಿಸಿಕೊಳ್ಳುವವರು ನೀರನ್ನು ಕಡೆಗಣಿಸುತ್ತಾರೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಕಿರುವ ಗಡಸುತನದ, ಅಂದರೆ ಕರಗಿದ ಸುಣ್ಣದಂಥ ಲವಣಗಳ, ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ. ನಮ್ಮ ಬೋರ್‌ವೆಲ್ ನೀರು ಎಷ್ಟೋ ಕಡೆ 200 ದಾಟಿರುತ್ತದೆ. ಇಂಥ ನೀರಿನ ಒಂದು ಹನಿ ಬಿಸಿ ಬಾನೆಟ್ ಮೇಲೆ ಒಣಗಿದರೆ ಸುಣ್ಣದ ಬಳೆ ಉಳಿಯುತ್ತದೆ. ಮೊದಲ ದಿನ ಒದ್ದೆ ಬಟ್ಟೆಗೆ ಹೋಗುತ್ತದೆ, ವಾರಗಟ್ಟಲೆ ಬಿಸಿಲಲ್ಲಿ ಬೆಂದರೆ ಕ್ಲಿಯರ್ ಕೋಟ್‌ನಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಪಾಲಿಶ್ ಮಾಡದೆ ಹೋಗುವುದಿಲ್ಲ.

ಆರ್‌ಓ ಯಂತ್ರ ಹೊರಬಿಡುವ ನೀರನ್ನು ‘ವ್ಯರ್ಥ ಆಗಬಾರದು’ ಅಂತ ಹಿಡಿದಿಟ್ಟು ಕಾರು ತೊಳೆಯುವ ಮನೆಗಳು ಬಹಳ. ಉಳಿತಾಯದ ಮನಸ್ಸು ಒಳ್ಳೆಯದೇ, ಆದರೆ ಯಂತ್ರ ಲವಣವನ್ನೆಲ್ಲ ತಳ್ಳುವುದೇ ಆ ಪೈಪಿಗೆ. ಒಳಗೆ ಹೋದ ನೀರಿಗಿಂತ ಅದು ಗಡುಸು. ಚಕ್ರಕ್ಕೆ, ಮಡ್‌ಗಾರ್ಡ್ ಒಳಮೈಗೆ, ಮೊದಲ ಸಲ ಕೆಸರು ಇಳಿಸಲು ಬಳಸಿ. ಕೊನೆಯ ನೀರು ಅದಾಗಬಾರದು. ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರಿಗೂ, ಅಂದರೆ ಶುದ್ಧೀಕರಿಸಿದ ಕೊಳಚೆ ನೀರಿಗೂ, ಇದೇ ಮಾತು. ಕೊನೆಯ ನೀರಿಗೆ ಅತ್ಯುತ್ತಮವೆಂದರೆ ತಾರಸಿಯಿಂದ ಹಿಡಿದ ಮಳೆನೀರು. ಆಮೇಲೆ ಎ.ಸಿ.ಯಿಂದ ತೊಟ್ಟಿಕ್ಕುವ ನೀರು. ಅದು ಗಾಳಿಯ ತೇವ ತಣಿದು ಆದದ್ದು, ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ಒಂದು ರಾತ್ರಿ ಎ.ಸಿ. ಓಡಿದರೆ ಬಕೆಟ್‌ನ ತಳ ಮುಚ್ಚಿ ಮೇಲೆಯೂ ತುಂಬುತ್ತದೆ. ಕಾಟನ್ ಬಟ್ಟೆಯಲ್ಲಿ ಸೋಸಿ ಕ್ಯಾನ್‌ನಲ್ಲಿ ಇಟ್ಟುಕೊಂಡರೆ ಕೊನೆಯ ಒರೆಸುವಿಕೆಗೆ ಸಾಕು.

ಬೆಂಗಳೂರಿನವರಿಗೆ ಇನ್ನೊಂದು ಕಾರಣವೂ ಇದೆ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಬಂತು, ಮರುಕಳಿಸಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ ಅಂತ. ಪೈಪ್ ತೆರೆದಿಟ್ಟು ತೊಳೆದರೆ ನಿಮಿಷಕ್ಕೆ ಹತ್ತು ಲೀಟರ್ ಸುಲಭವಾಗಿ ಹೋಗುತ್ತದೆ. ಕಾಲು ಗಂಟೆಗೆ 150 ಲೀಟರ್. ಎರಡು ಬಕೆಟ್ ಪದ್ಧತಿಯಲ್ಲಿ ಸಣ್ಣ ಕಾರಿಗೆ 40–50 ಲೀಟರ್ ಸಾಕು.

ಎರಡು ಬಕೆಟ್ ಅಂದರೆ ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಚಕ್ರ ಮುಗಿಸಿ. ಆಮೇಲೆ ಮೈಗೆಲ್ಲ ನೀರು ಹಾಕಿ ದೂಳು ಇಳಿಸಿ. ಮಗ್‌ನಲ್ಲಾದರೂ ಸರಿ, ಮೇಲಿನಿಂದ ಕೆಳಕ್ಕೆ. ರೂಫ್, ಗಾಜು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲರ್ಧ, ಕೊನೆಗೆ ಬಾಗಿಲಿನ ಕೆಳಭಾಗ ಮತ್ತು ಬಂಪರ್. ಗ್ಲೌಸನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಪ್ಯಾನೆಲ್ ನೇರ ಗೆರೆಯಲ್ಲಿ ಸವರಿ, ಬರೀ ನೀರಿನಲ್ಲಿ ಜಾಲಿಸಿ ಹಿಂಡಿ, ಮತ್ತೆ ಶಾಂಪೂಗೆ. ಗುಂಡಗೆ ತಿರುಗಿಸಬೇಡಿ. ಗೀರು ಬಿದ್ದರೂ ನೇರ ಗೆರೆ ಎಲ್ಲ ಕೋನದಿಂದ ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ಎರಡನೇ ಬಕೆಟ್ ಚೆಲ್ಲುವಾಗ ತಳದಲ್ಲಿ ಕೂತ ಕೆಂಪು ಮರಳು ನೋಡಿ. ಒಂದೇ ಬಕೆಟ್ ಇದ್ದಿದ್ದರೆ ಅದಷ್ಟೂ ಮತ್ತೆ ಬಾನೆಟ್ ಮೇಲೆ ಹೋಗುತ್ತಿತ್ತು. ಬಕೆಟ್ ತಳಕ್ಕೆ ಹಾಕುವ ಗ್ರಿಟ್ ಗಾರ್ಡ್ ಜಾಲರಿ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ತರಕಾರಿ ತೊಳೆಯುವ ಪ್ಲಾಸ್ಟಿಕ್ ಜರಡಿಯನ್ನು ಬೋರಲು ಹಾಕಿದರೂ ನಡೆಯುತ್ತದೆ.

ಶಾಂಪೂಗಳಲ್ಲಿ ಹೆಚ್ಚು ಹುಡುಕಾಟ ಬೇಕಿಲ್ಲ. 3ಎಂ ಕಾರ್ ಶಾಂಪೂ ಎಲ್ಲ ಕಡೆ ಸಿಗುತ್ತದೆ, ಕೆಲಸಕ್ಕೆ ಸಾಕು. ಮೆಗ್ವಾಯರ್ಸ್ ಗೋಲ್ಡ್ ಕ್ಲಾಸ್ ಹೆಚ್ಚು ಜಾರುತ್ತದೆ, ಗ್ಲೌಸ್ ಬಣ್ಣದ ಮೇಲೆ ತಡೆಯಿಲ್ಲದೆ ಸರಿಯುತ್ತದೆ. ಅದಕ್ಕಾಗಿ ಹೆಚ್ಚು ಕೊಡಬಹುದು. ಅಳತೆ ಮಾತ್ರ ನೋಡಿಕೊಳ್ಳಿ: ಒಂದು ಗ್ಯಾಲನ್‌ಗೆ, ಅಂದರೆ 3.8 ಲೀಟರಿಗೆ, 30 ಮಿ.ಲೀ. 12 ಲೀಟರ್ ಬಕೆಟ್‌ಗೆ 95 ಮಿ.ಲೀ. ಆಗುತ್ತದೆ, 473 ಮಿ.ಲೀ. ಬಾಟಲಿ ಐದೇ ತೊಳೆತಕ್ಕೆ ಖಾಲಿ. ವಾರವಾರ ತೊಳೆಯುವ ಕಾರಿಗೆ ಇದರ ಅರ್ಧ ಸಾಕು. (ಮೆಗ್ವಾಯರ್ಸ್ 1901ರಲ್ಲಿ ಅಮೆರಿಕದಲ್ಲಿ ಮರದ ಪೀಠೋಪಕರಣದ ಪಾಲಿಶ್‌ನಿಂದ ಶುರುವಾದದ್ದು, 2008ರಿಂದ 3ಎಂ ಕೈಯಲ್ಲಿದೆ. ಹಾಗಾಗಿ ಎರಡು ಬ್ರ್ಯಾಂಡ್‌ಗಳ ಜಗಳ ಒಂದೇ ಮನೆಯ ಜಗಳ.) ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ ಹಾಕಿದರೆ ಜಿಡ್ಡಿನ ಜೊತೆ ವ್ಯಾಕ್ಸ್ ಪದರವೂ ಹೋಗುತ್ತದೆ. ಹಳೆ ವ್ಯಾಕ್ಸ್ ತೆಗೆಯಬೇಕೆಂದೇ ಒಂದು ಸಲ ಬಳಸಿದರೆ ಸರಿ, ಅಭ್ಯಾಸ ಬೇಡ.

ಮನೆಬಳಕೆಯ ಪ್ರೆಷರ್ ವಾಷರ್‌ಗಳು 110–130 ಬಾರ್ ಒತ್ತಡದವು, ಗಂಟೆಗೆ ಸುಮಾರು 350 ಲೀಟರ್ ಹರಿಸುತ್ತವೆ. ಅಂದರೆ ನಿಮಿಷಕ್ಕೆ ಆರು ಲೀಟರ್, ತೆರೆದ ಪೈಪಿಗಿಂತ ಕಡಿಮೆ. ಮಣ್ಣು ರಸ್ತೆಯ ಊರಿನಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಇದು ಖಂಡಿತ ಬೇಕು. ಬೆಂಗಳೂರಿನ ಬೇಸ್‌ಮೆಂಟ್‌ನಲ್ಲಿ ನಿಲ್ಲುವ ಕಾರಿಗೆ ಬೇಕಿಲ್ಲ. ನಳಿಕೆಯನ್ನು ಒಂದು ಅಡಿಗಿಂತ ಹತ್ತಿರ ತರಬೇಡಿ, ಸ್ಟಿಕರ್, ರಬ್ಬರ್ ಬೀಡಿಂಗ್, ಮೊದಲೇ ಚಕ್ಕೆ ಎದ್ದ ಬಣ್ಣದ ಕಡೆ ಗುರಿಯಿಡಬೇಡಿ, ಎಂಜಿನ್ ಕೋಣೆಗೆ ಬಿಡಲೇಬೇಡಿ. ಜೊತೆಗೆ ಬರುವ ಅಗ್ಗದ ಫೋಮ್ ಬಾಟಲಿ ಉಗುಳುವುದು ಸೋಪಿನ ನೀರು, ನೊರೆಯಲ್ಲ. ದಪ್ಪ ನೊರೆ ಬೇಕಾದರೆ ಫೋಮ್ ಲ್ಯಾನ್ಸ್ ಅನ್ನುವ ನೊರೆ ನಳಿಕೆ ಬೇರೆ ಕೊಳ್ಳಬೇಕು.

ನೀರಿಲ್ಲದ ಅಪಾರ್ಟ್‌ಮೆಂಟಿಗೆ ನಮ್ಮ ಶಿಫಾರಸು ರಿನ್ಸ್‌ಲೆಸ್ ವಾಷ್. ಆಪ್ಟಿಮಮ್ ನೋ ರಿನ್ಸ್ ಇದರಲ್ಲಿ ಹಳಬ. ಅಳತೆ 1:256, ಅಂದರೆ 8 ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಇದರಲ್ಲಿನ ಪಾಲಿಮರ್‌ಗಳು ಕಣವನ್ನು ಸುತ್ತಿಕೊಂಡು ಬಣ್ಣದಿಂದ ಬಿಡಿಸುತ್ತವೆ. ಆಮೇಲೆ ನೀರು ಹಾಕಿ ತೊಳೆಯುವ ಹಂಗಿಲ್ಲ. ಮೊದಲು ಇದೇ ದ್ರಾವಣವನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಪ್ಯಾನೆಲ್‌ಗೆ ಸಿಂಪಡಿಸಿ ಒಂದೆರಡು ನಿಮಿಷ ನೆನೆಯಲು ಬಿಡಬೇಕು. ಆರೇಳು ಬಟ್ಟೆ ಬಕೆಟ್‌ನಲ್ಲಿ ಅದ್ದಿಟ್ಟುಕೊಂಡು, ಒಂದನ್ನು ನಾಲ್ಕಾಗಿ ಮಡಿಚಿ, ಪ್ರತಿ ಪ್ಯಾನೆಲ್‌ಗೆ ಹೊಸ ಮಡಿಕೆ ತಿರುಗಿಸಿ ಸವರಿ, ತಕ್ಷಣ ಒಣ ಟವೆಲ್‌ನಲ್ಲಿ ಒರೆಸಬೇಕು. ಕೊಳೆಯಾದ ಬಟ್ಟೆ ಬಕೆಟ್‌ಗೆ ಹಿಂದಿರುಗಬಾರದು. ಇಡೀ ಕಾರು ಒಂದು ಬಕೆಟ್‌ನಲ್ಲಿ ಮುಗಿಯುತ್ತದೆ. ಕೆಸರು ಗಟ್ಟಿಯಾಗಿ ಕೂತಿದ್ದರೆ ಮಾತ್ರ ಇದು ಆಗದು. ಮೊದಲು ಎಲ್ಲಾದರೂ ನೀರು ಹೊಡೆಸಿಕೊಂಡು ಬನ್ನಿ.

ತೊಳೆದು ಒಣಗಿಸಿದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡ ಕೈಯನ್ನು ಮೆಲ್ಲಗೆ ಆಡಿಸಿ. ಮರಳು ಕಾಗದದ ಹಾಗೆ ಕರಕರ ಅಂದರೆ ಕ್ಲೇ ಬಾರ್ ಬೇಕು, ಅಂದರೆ ಕಚ್ಚಿಕೊಂಡ ಕಣಗಳನ್ನು ಎತ್ತುವ ಮೆತ್ತನೆಯ ಜೇಡಿಯ ಉಂಡೆ. ಬ್ರೇಕ್‌ನ ಕಬ್ಬಿಣದ ಕಣ, ಟಾರ್ ಚುಕ್ಕೆ, ಮರದ ಅಂಟು, ಪಕ್ಕದ ಕಟ್ಟಡದಲ್ಲಿ ಹೊಡೆದ ಪೇಂಟ್‌ನ ತುಂತುರು, ಇವು ಶಾಂಪೂಗೆ ಬಗ್ಗುವುದಿಲ್ಲ. ಜೇಡಿಯನ್ನು 50 ಗ್ರಾಂನಷ್ಟು ಮುರಿದು ಚಪ್ಪಟೆ ಮಾಡಿ, ಜಾರುವ ದ್ರವ ಧಾರಾಳವಾಗಿ ಸಿಂಪಡಿಸಿ, ಒಂದೂವರೆ ಅಡಿ ಚೌಕದಲ್ಲಿ ಹಿಂದೆಮುಂದೆ ಸರಿಸಿ. ಮೇಲೆ ಹೇಳಿದ ನೋ ರಿನ್ಸ್ 1:64ರಲ್ಲಿ ಬೆರೆಸಿದರೆ ಅದೇ ಜಾರುವ ದ್ರವ, ಬೇರೆ ಕೊಳ್ಳುವುದು ದಂಡ. ಜೇಡಿ ತಡೆದು ಕಿರುಗುಟ್ಟಿದರೆ ದ್ರವ ಕಡಿಮೆಯಾಗಿದೆ ಅಂತ ಅರ್ಥ. ಕಪ್ಪಾದ ಮೈ ಒಳಗೆ ಮಡಿಚಿ ಹೊಸ ಮೈ ತೆಗೆಯಿರಿ. ನೆಲಕ್ಕೆ ಬಿದ್ದರೆ ಎಸೆಯಿರಿ, ಎಷ್ಟೇ ದುಬಾರಿಯಾಗಿರಲಿ. ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ಕ್ಲೇ ತಾನೂ ನಯವಾಗಿ ಗೀರುತ್ತದೆ, ಹಾಗಾಗಿ ಪಾಲಿಶ್ ಮಾಡುವ ಮನಸ್ಸಿಲ್ಲದಿದ್ದರೆ ಕಪ್ಪು ಕಾರಿಗೆ ಕ್ಲೇಯೂ ಬೇಡ.

ಪಾಲಿಶ್‌ಗೂ ವ್ಯಾಕ್ಸ್‌ಗೂ ಗೊಂದಲ ಮಾಡಿಕೊಳ್ಳುವವರು ಬಹಳ, ಅಂಗಡಿಯವರೂ ಎರಡನ್ನೂ ‘ಪಾಲಿಶ್’ ಅಂತಲೇ ಕೊಡುತ್ತಾರೆ. ಪಾಲಿಶ್ ಸವೆಸುತ್ತದೆ, ವ್ಯಾಕ್ಸ್ ಮುಚ್ಚುತ್ತದೆ. ಗೀರು ಹೋಗುವುದು ಎಂದರೆ ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಕ್ಲಿಯರ್ ಕೋಟ್ ಇಳಿಯುವುದು. ಇರುವುದೇ 40–50 ಮೈಕ್ರಾನ್, ಮತ್ತೆ ಬೆಳೆಯುವುದಿಲ್ಲ. ಪ್ರತಿ ಸರ್ವಿಸ್‌ನಲ್ಲೂ ‘ರಬ್ಬಿಂಗ್ ಪಾಲಿಶ್ ಹಾಕಿಬಿಡೋಣ ಸಾರ್’ ಅಂದಾಗ ತಲೆಯಾಡಿಸುವ ಮೊದಲು ಇದು ನೆನಪಿರಲಿ. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವ ಗೀರು ಪಾಲಿಶ್‌ಗೆ ಹೋಗುವುದಿಲ್ಲ, ಹೋಗಿಸಲು ಹಟ ಹಿಡಿದರೆ ಬಣ್ಣವೇ ಹೋಗುತ್ತದೆ.

ಬಾಡಿ ಶಾಪ್‌ಗಳ ಒರಟು ರಬ್ಬಿಂಗ್ ಕಾಂಪೌಂಡ್ ಟ್ಯೂಬು ಅಗ್ಗ. ಮರಳು ಕಾಗದದ ಗುರುತು ತೆಗೆಯಲು ಮಾಡಿದ್ದು ಅದು. ಮನೆಯಲ್ಲಿ ಕೈಯಲ್ಲಿ ಉಜ್ಜಿದರೆ ಒಂದು ಗೀರು ಹೋಗಿ ಮಂಜು ಹಿಡಿದ ಹಾಗೆ ನೂರು ಸಣ್ಣ ಗೀರು ಉಳಿಯುತ್ತವೆ. ಮೆಗ್ವಾಯರ್ಸ್ ಅಲ್ಟಿಮೇಟ್ ಕಾಂಪೌಂಡ್ ಇದಕ್ಕಿಂತ ಬಹಳ ದುಬಾರಿ, ಆದರೆ ಅದರ ಕಣ ಅತಿ ನಯ, ಸವೆಸಿದ ಮೇಲೂ ಮೇಲ್ಮೈ ಹೆಚ್ಚುಕಡಿಮೆ ನುಣುಪಾಗಿಯೇ ಇರುತ್ತದೆ. ಬಿಳಿ, ಬೆಳ್ಳಿ ಬಣ್ಣದ ಕಾರಿಗೆ ಅದೊಂದೇ ಸಾಕು. ಕಪ್ಪು, ಕಡುನೀಲಿ ಬಣ್ಣಕ್ಕೆ ಅದರ ಮೇಲೆ ಅಲ್ಟಿಮೇಟ್ ಪಾಲಿಶ್ ಒಂದು ಸುತ್ತು ಬೇಕು.

ಕೈಯಲ್ಲಿ ಮಾಡುವುದಾದರೆ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ. ಡೋರ್ ಹ್ಯಾಂಡಲ್ ಹಿಂದಿನ ಉಗುರಿನ ಗೆರೆ, ಯಾರೋ ಚೀಲ ಉಜ್ಜಿದ ಗುರುತು, ಅಷ್ಟಕ್ಕೆ ಸರಿ. ಇಡೀ ಬಾನೆಟ್‌ನ ಸ್ವರ್ಲ್ ತೆಗೆಯಲು ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶರ್ ಯಂತ್ರ ಬೇಕು. ಅದರ ಪ್ಯಾಡ್ ಸುತ್ತುತ್ತಾ ಓಲಾಡುತ್ತದೆ. ಒತ್ತಿದರೆ ಸುತ್ತುವುದೇ ನಿಲ್ಲುತ್ತದೆ, ಹೀಗಾಗಿ ಬಣ್ಣ ಸುಡುವ ಭಯ ಕಡಿಮೆ. ರೋಟರಿ ಯಂತ್ರ ನಿಲ್ಲುವುದಿಲ್ಲ, ಒಂದೇ ಕಡೆ ಎರಡು ಕ್ಷಣ ಹೆಚ್ಚು ಹಿಡಿದರೆ ಅಂಚಿನಲ್ಲಿ ಪ್ರೈಮರ್ ಕಾಣುತ್ತದೆ. ಅದು ಕಸುಬಿನವರಿಗೆ ಇರಲಿ. ಮನೆಯಲ್ಲಿರುವ ಆಂಗಲ್ ಗ್ರೈಂಡರ್‌ಗೆ ಸ್ಪಂಜ್ ಪ್ಯಾಡ್ ಹಾಕಿ ಪಾಲಿಶ್ ಮಾಡುವ ವಿಡಿಯೋ ನೋಡಿ ಮರುಳಾಗಬೇಡಿ. ಪಾಲಿಶ್ ರೋಟರಿ ಓಡುವುದು ನಿಮಿಷಕ್ಕೆ 600ರಿಂದ 3,000 ಸುತ್ತು, ಸಾಮಾನ್ಯ ಗ್ರೈಂಡರ್ 11,000.

ಡಿಎ ಹಿಡಿಯುವ ಕ್ರಮ: ಕಪ್ಪು ಪ್ಲಾಸ್ಟಿಕ್, ಬೀಡಿಂಗ್, ಬಾನೆಟ್ಟಿನ ಚೂಪು ಅಂಚುಗಳಿಗೆ ಮಾಸ್ಕಿಂಗ್ ಟೇಪ್. ಅಂಚಿನಲ್ಲಿ ಕ್ಲಿಯರ್ ಕೋಟ್ ಯಾವಾಗಲೂ ತೆಳು. ಎರಡಡಿ ಚೌಕ ಗುರುತಿಸಿ. ಪ್ಯಾಡ್ ಮೇಲೆ ಬಟಾಣಿ ಕಾಳಿನಷ್ಟು ನಾಲ್ಕು ಹನಿ ಕಾಂಪೌಂಡ್. ಯಂತ್ರ ಚಾಲೂ ಮಾಡುವ ಮೊದಲು ಪ್ಯಾಡನ್ನು ಒತ್ತಿ ಹರಡಿ, ಇಲ್ಲದಿದ್ದರೆ ಗೋಡೆಗೆಲ್ಲ ಚಿಮ್ಮುತ್ತದೆ. ಸ್ಪೀಡ್ 1ರಲ್ಲಿ ಸವರಿ, 4 ಅಥವಾ 5ಕ್ಕೆ ಏರಿಸಿ. ಸೆಕೆಂಡಿಗೆ ಎರಡು ಮೂರು ಸೆಂ.ಮೀ. ವೇಗದಲ್ಲಿ ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು, ಹೀಗೆ ನಾಲ್ಕರಿಂದ ಆರು. ಹೊಸಬರ ತಪ್ಪು ಎಂದರೆ ನೆಲ ಒರೆಸಿದ ಹಾಗೆ ಬೇಗಬೇಗ ಓಡಿಸುವುದು. ಯಂತ್ರ ಕೆಲಸ ಮಾಡುವುದು ನಿಧಾನಕ್ಕೆ. ಪ್ಯಾಡ್ ಹಿಂಬದಿಯ ಪ್ಲೇಟಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ ಅದು ಸುತ್ತುತ್ತಿದೆಯೋ ಬರೀ ನಡುಗುತ್ತಿದೆಯೋ ಕಾಣುತ್ತದೆ. ಅಂಗೈ ಇಡಲಾರದಷ್ಟು ಬಿಸಿಯಾದರೆ ನಿಲ್ಲಿಸಿ. ಪ್ರತಿ ಚೌಕ ಮುಗಿದಾಗ ಪ್ಯಾಡನ್ನು ಬ್ರಷ್‌ನಿಂದ ಕೆರೆದು ಚೊಕ್ಕ ಮಾಡಿ.

ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ಶೇ. 15–20ರಷ್ಟು ನೀರಲ್ಲಿ ಬೆರೆಸಿ ಒರೆಸಿ, ಕತ್ತಲೆ ಪಾರ್ಕಿಂಗ್‌ನಲ್ಲಿ ಟಾರ್ಚ್ ಹಿಡಿದು ನೋಡಿ. ಪಾಲಿಶ್‌ನಲ್ಲಿರುವ ಎಣ್ಣೆ ಗೀರಿನೊಳಗೆ ತುಂಬಿ ಗೀರೇ ಇಲ್ಲದ ಹಾಗೆ ತೋರಿಸುತ್ತದೆ. ಡಿಟೇಲಿಂಗ್ ಅಂಗಡಿಯಿಂದ ತಂದ ಕಾರಿನ ಹೊಳಪು ಎರಡು ತೊಳೆತಕ್ಕೆ ಮಾಯವಾಗುವುದು ಹೀಗೆಯೇ. ಮ್ಯಾಟ್ ಫಿನಿಶ್ ಇರುವ ಕಾರಿಗೆ ಪಾಲಿಶ್, ವ್ಯಾಕ್ಸ್ ಎರಡೂ ನಿಷಿದ್ಧ. ಹೊಸದಾಗಿ ಪೇಂಟ್ ಹೊಡೆಸಿದ ಪ್ಯಾನೆಲ್‌ಗೆ ಕನಿಷ್ಠ ಒಂದೆರಡು ತಿಂಗಳು ವ್ಯಾಕ್ಸ್ ಬೇಡ, ಒಳಗಿನ ದ್ರಾವಕ ಆರಬೇಕು.

ವ್ಯಾಕ್ಸ್ ವಿಷಯದಲ್ಲಿ ಮಾತು ಹೆಚ್ಚು, ವ್ಯತ್ಯಾಸ ಕಡಿಮೆ. ಕಾರ್ನೌಬಾ ಅನ್ನುವುದು ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ಕರಗುವುದು 82–86 ಡಿಗ್ರಿಯಲ್ಲಿ, ಸಸ್ಯಮೇಣಗಳಲ್ಲಿ ಅತಿ ಗಡಸು. ಆದರೂ ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ನಿಂತ ಕಪ್ಪು ಬಾನೆಟ್ ಮೇಲೆ ಹೆಚ್ಚು ದಿನ ಬಾಳುವುದಿಲ್ಲ. ಫಾರ್ಮುಲಾ 1 ಕಾರ್ನೌಬಾ ಪೇಸ್ಟ್ ವ್ಯಾಕ್ಸ್‌ನ 230 ಗ್ರಾಂ ಡಬ್ಬಿ ಇಲ್ಲಿ ಹಳೆಯ ಪರಿಚಯ: ಅಗ್ಗ, ಹೊಳಪು ಬೆಚ್ಚಗಿನದು, ಕೆಂಪು ಮತ್ತು ಕಪ್ಪು ಕಾರಿಗೆ ಚೆಂದ. ಬಾಳಿಕೆ ನಾಲ್ಕರಿಂದ ಎಂಟು ವಾರ ಅಂದುಕೊಳ್ಳಿ. ಒಂದು ಕಾರಿಗೆ 15–20 ಗ್ರಾಂ ಸಾಕು, ಡಬ್ಬಿ ಹತ್ತು ಸಲಕ್ಕಿಂತ ಹೆಚ್ಚೇ ಬರುತ್ತದೆ. ಕಾಲಿನೈಟ್ 845 ದ್ರವ ವ್ಯಾಕ್ಸ್‌ನಲ್ಲಿ ಕಾರ್ನೌಬಾ ಜೊತೆ ಪಾಲಿಮರ್ ಸೇರಿದೆ, ಮಳೆಗಾಲ ದಾಟಿಸುತ್ತದೆ. ಕರಾವಳಿಯ ಉಪ್ಪುಗಾಳಿಗೆ, ಮಲೆನಾಡಿಗೆ ನಮ್ಮ ಆಯ್ಕೆ ಇದು, ಮೇ ಕೊನೆಯಲ್ಲಿ ಒಂದು ಸಲ. ಟರ್ಟಲ್ ವ್ಯಾಕ್ಸ್‌ನ ಹೈಬ್ರಿಡ್ ಸೆರಾಮಿಕ್ ಸ್ಪ್ರೇ ಹಚ್ಚುವುದು ಎಲ್ಲಕ್ಕಿಂತ ಸುಲಭ. ಸಿಂಪಡಿಸಿ, ಹರಡಿ, ಇನ್ನೊಂದು ಒಣಬಟ್ಟೆಯಲ್ಲಿ ತಕ್ಷಣ ಒರೆಸಬೇಕು. ತಡವಾದರೆ ಪಟ್ಟೆಪಟ್ಟೆಯಾಗಿ ಉಳಿಯುತ್ತದೆ. ಮೆಗ್ವಾಯರ್ಸ್ ಹೈಬ್ರಿಡ್ ಸೆರಾಮಿಕ್ ವ್ಯಾಕ್ಸ್ ಒದ್ದೆ ಕಾರಿಗೆ ಸಿಂಪಡಿಸಿ ನೀರಿನ ರಭಸದಿಂದ ಹರಡಬೇಕಾದದ್ದು. ಪೈಪ್ ಇಲ್ಲದ ಬಕೆಟ್ ಮನೆಗೆ ಹೊಂದುವುದಿಲ್ಲ.

ಪೇಸ್ಟ್ ವ್ಯಾಕ್ಸ್ ಹಚ್ಚುವುದು ನೆರಳಿನಲ್ಲಿ, ತಣ್ಣಗಿನ ಮೈಗೆ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿದಷ್ಟು ತೆಳುವಾಗಿ. ದಪ್ಪ ಹಚ್ಚಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕಷ್ಟ ಮಾತ್ರ ಹೆಚ್ಚುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಬೆರಳು ಎಳೆದು ನೋಡಿ: ಗೆರೆ ಚೊಕ್ಕವಾಗಿ ಬಿಟ್ಟರೆ ಒರೆಸಬಹುದು, ಮೆತ್ತಿದರೆ ಇನ್ನೂ ಕಾಯಿರಿ. ಮಂಗಳೂರಿನ ಸೆಕೆಯಲ್ಲಿ ಇದಕ್ಕೆ ದುಪ್ಪಟ್ಟು ಹೊತ್ತು ಹಿಡಿಯುತ್ತದೆ, ಹಾಗಾಗಿ ಒಂದೊಂದೇ ಪ್ಯಾನೆಲ್ ಹಚ್ಚಿ. ಕಪ್ಪು ಪ್ಲಾಸ್ಟಿಕ್‌ಗೆ ತಾಗಿದ ವ್ಯಾಕ್ಸ್ ಬೆಳ್ಳಗೆ ಕಚ್ಚಿಕೊಳ್ಳುತ್ತದೆ. ಹಳೆ ಟೂತ್‌ಬ್ರಷ್, ಶಾಂಪೂ, ಬಿಸಿನೀರು, ಸ್ವಲ್ಪ ತಾಳ್ಮೆ ಬೇಕು.

ನೀರು ಮುತ್ತಿನ ಹಾಗೆ ನಿಂತರೆ ವ್ಯಾಕ್ಸ್ ಒಳ್ಳೆಯದು ಅನ್ನುವ ನಂಬಿಕೆ ಬಲವಾಗಿದೆ. ಮಳೆನೀರಿಗೆ ಸರಿ. ಬೋರ್‌ವೆಲ್ ನೀರಲ್ಲಿ ತೊಳೆದು ಬಿಸಿಲಲ್ಲಿ ಬಿಟ್ಟರೆ ಪ್ರತಿ ಮುತ್ತೂ ಒಂದೊಂದು ಸುಣ್ಣದ ಬಳೆ. ವ್ಯಾಕ್ಸ್ ಹಚ್ಚಿದ ಕಾರನ್ನು ಒಣಗಿಸದೆ ಬಿಡುವುದು ಹಚ್ಚದ ಕಾರಿಗಿಂತ ಕೆಟ್ಟದಾಗಿ ಕಾಣಲು ಇದೇ ಕಾರಣ. ಕಲೆ ಬಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ನೆರಳಲ್ಲಿ ಒಂದೆರಡು ನಿಮಿಷ ಹಾಸಿ, ತೊಳೆದುಬಿಡಿ. ಅಲ್ಲಿಯ ವ್ಯಾಕ್ಸ್ ಹೋಗಿರುತ್ತದೆ, ಮತ್ತೆ ಹಚ್ಚಿ. ಹಿತ್ತಾಳೆಗೆ ಹುಣಸೆಹಣ್ಣು ಉಜ್ಜಿದ ಹಾಗೆ ಕಾರಿಗೆ ಉಜ್ಜುವುದು ಬೇಡ, ನಾರು, ಕಸ ಎಲ್ಲ ಗೀರುತ್ತವೆ. ಹಕ್ಕಿಯ ಹಿಕ್ಕೆಯನ್ನೂ ಒಣಗಿದ ಮೇಲೆ ಕೆರೆಯಬೇಡಿ. ಒದ್ದೆ ಟಿಶ್ಯೂ ಐದು ನಿಮಿಷ ಮುಚ್ಚಿಟ್ಟು ಎತ್ತಿ ತೆಗೆಯಿರಿ.

ಟೈರ್ ಡ್ರೆಸ್ಸರ್‌ನಲ್ಲಿ ನೀರಿನ ಆಧಾರದ್ದು ಕೊಳ್ಳಿ. ಎಣ್ಣೆಯಂಥದ್ದು ಓಡುವಾಗ ಬಾಗಿಲಿಗೆ ಚಿಮ್ಮುತ್ತದೆ. ಟ್ರೆಡ್‌ಗೂ ಬ್ರೇಕ್ ಡಿಸ್ಕ್‌ಗೂ ತಾಗಬಾರದು. ವಾಟರ್ ಸರ್ವಿಸ್‌ನಲ್ಲಿ ತಳಕ್ಕೆ ಡೀಸೆಲ್ ಹೊಡೆಯುತ್ತೇವೆ ಅಂದರೆ ಬೇಡ ಅನ್ನಿ, ಬುಷ್ ರಬ್ಬರ್ ಉಬ್ಬುತ್ತದೆ. ಹಳದಿಯಾದ ಹೆಡ್‌ಲೈಟ್ ಟೂತ್‌ಪೇಸ್ಟ್‌ಗೆ ಹೊಳೆಯುವುದು ನಿಜ, ಆದರೆ ಬಿಸಿಲು ತಡೆಯುವ ಯುವಿ ಪದರ ಮತ್ತೆ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಹಳದಿ ವಾಪಸ್. ತೊಳೆದ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ಬಿಟ್ಟರೆ ಹಿಂದಿನ ಬ್ರೇಕ್ ಹಿಡಿದುಕೊಳ್ಳುತ್ತದೆ. ನಾಲ್ಕು ಬೀದಿ ಓಡಿಸಿ, ಬ್ರೇಕ್ ಒತ್ತಿ ಒಣಗಿಸಿ ನಿಲ್ಲಿಸಿ.

ವ್ಯಾಕ್ಸ್‌ನ ನಿಜವಾದ ಪರೀಕ್ಷೆ ಆಯುಧಪೂಜೆ. ಹಿಂದಿನ ದಿನವೇ ಹಚ್ಚಿದ್ದರೆ ಅರಿಶಿನ ಕುಂಕುಮ ಬಣ್ಣಕ್ಕೆ ನೇರ ತಾಗುವುದಿಲ್ಲ. ಬಿಳಿ ಕಾರಿನ ಮೇಲಿನ ಅರಿಶಿನದ ಕಲೆಗೆ ಹೆದರಬೇಕಿಲ್ಲ, ತೊಳೆದ ಮೇಲೆ ಉಳಿದದ್ದನ್ನು ಬಿಸಿಲೇ ಕೆಲವು ದಿನದಲ್ಲಿ ತಿನ್ನುತ್ತದೆ. ತೊಂದರೆ ಕೊಡುವುದು ಕೃತಕ ಬಣ್ಣದ ಕುಂಕುಮ. ನೀರಲ್ಲಿ ಕಲಸಿ ಇಟ್ಟರೆ ಗುಲಾಬಿ ಬಣ್ಣ ಇಳಿಯುತ್ತದೆ. ಗಾಜಿನ ಮೇಲೆ ಇಡುವುದು ಉತ್ತಮ. ಒಣ ಪುಡಿಯನ್ನು ಒರೆಸದೆ ಮೊದಲು ನೀರು ಸುರಿದು ಇಳಿಸಿ. ಬಾಳೆಕಂದಿನ ಕತ್ತರಿಸಿದ ತುದಿ ಬಂಪರ್‌ಗೆ ತಾಗದಂತೆ ಕಟ್ಟಿ, ಬಾಳೆಯ ರಸ ಒಣಗಿದರೆ ಕಂದು ಕಲೆ. ಹೂವಿನ ಹಾರದ ಜೊತೆ ಹೈವೇಗೆ ಇಳಿದರೆ ಗಾಳಿಗೆ ದಾರ ಬಾನೆಟ್ಟನ್ನು ಉಜ್ಜುತ್ತಲೇ ಇರುತ್ತದೆ, ಅದರಲ್ಲೂ ಜರಿ ಇರುವ ಹಾರ. ಅಲಂಕಾರಕ್ಕೆ ಅಂಟಿಸಿದ ಟೇಪನ್ನು ಅವತ್ತೇ ಸಂಜೆ ತೆಗೆಯಿರಿ. ಬಿಸಿಲಲ್ಲಿ ಬೆಂದು ಅಂಟು ಉಳಿದರೆ ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಬಟ್ಟೆಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ ಸವರಿ, ಶಾಂಪೂ ನೀರಿನಿಂದ ತೊಳೆದು, ಅಷ್ಟು ಜಾಗಕ್ಕೆ ಮತ್ತೆ ವ್ಯಾಕ್ಸ್ ಹಚ್ಚಿ.